ಗೋಡೆಯ ಮೇಲಿನ 1873 ಮತ್ತು ಮಳೆಗಾಲದ ಬೀಗ: ಒಳಾಂಗಣ ಕ್ರೀಡಾಂಗಣ ಸಮಿತಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಒಳಾಂಗಣ ಕ್ರೀಡಾಂಗಣ ಉಸ್ತುವಾರಿ ಸಮಿತಿ,
ಉತ್ತರ ಕನ್ನಡ ಕರಾವಳಿ.

ವಿಷಯ: ಕ್ರೀಡಾಂಗಣದ ಬಾಗಿಲ ಬಳಿ ಬರೆಸಿರುವ ಬ್ಯಾಡ್ಮಿಂಟನ್ ಚರಿತ್ರೆಯನ್ನು ತಿದ್ದುವ ಕುರಿತು ಹಾಗೂ ಮಳೆಗಾಲದಲ್ಲಿ ಶಾಲಾ ಮಕ್ಕಳಿಗೆ ಕೋರ್ಟು ಬಿಟ್ಟುಕೊಡುವ ಕುರಿತು.

ಮಾನ್ಯರೇ,

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕ್ರೀಡಾ ಸಾಮಗ್ರಿಯ ಸಣ್ಣ ಅಂಗಡಿ ಇಟ್ಟುಕೊಂಡವನು ನಾನು. ರ‍್ಯಾಕೆಟ್ಟಿಗೆ ಗಟ್ಟಿಂಗ್ ಹಾಕುವುದು, ಕೇರಂ ಪೌಡರ್ ಮಾರುವುದು, ಪಂದ್ಯಾವಳಿಗಳಿಗೆ ಟ್ರೋಫಿಯ ಮೇಲೆ ಹೆಸರು ಕೆತ್ತಿಸಿ ಕೊಡುವುದು ನನ್ನ ಹೊಟ್ಟೆಪಾಡು. ಪ್ರಾಯದಲ್ಲಿ ಬಾಲ್ ಬ್ಯಾಡ್ಮಿಂಟನ್ ಆಡಿದ್ದೇನೆ. ಈಗ ಶಾಲಾ ಪಂದ್ಯಗಳಿಗೆ ಕರೆದರೆ ಅಂಪೈರ್ ಆಗಿ ಹೋಗುತ್ತೇನೆ. ಈ ವಿಷಯಗಳ ಬಗ್ಗೆ ತಮ್ಮ ಕಚೇರಿಗೆ ಅರ್ಜಿ ಕೊಟ್ಟಿದ್ದೆ. ಸ್ವೀಕೃತಿಯ ಸೀಲು ಬಿತ್ತು, ಉತ್ತರ ಬರಲಿಲ್ಲ. ಹಾಗಾಗಿ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಊರಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇದು ಒಬ್ಬ ಅಧ್ಯಕ್ಷರ ಮೇಲಿನ ದೂರು ಆಗಬಾರದು, ಮತ್ತು ಇಂಥ ಬೀಗ ನಮ್ಮೂರಿನಲ್ಲಿ ಮಾತ್ರ ಇದೆ ಎಂದು ನನಗೆ ಅನ್ನಿಸುವುದೂ ಇಲ್ಲ. ನಾನು ಶಟಲ್ ಕಾಕ್ ಮಾರುವವನು, ಮಕ್ಕಳು ಆಡಿದರೆ ನನಗೆ ವ್ಯಾಪಾರ ಎಂದು ತಾವು ಹೇಳಬಹುದು. ನಿಜವೇ. ಆದರೆ ಮಕ್ಕಳು ಕೊಳ್ಳುವುದು ಪ್ಲಾಸ್ಟಿಕ್ ಕಾಕ್, ಅದೂ ಬಿಡಿಬಿಡಿಯಾಗಿ. ಡಬ್ಬಿಗಟ್ಟಲೆ ಗರಿಯ ಕಾಕ್ ಒಯ್ಯುವವರು ತಮ್ಮ ಖಾಯಂ ಸದಸ್ಯರೇ. ಲಾಭದ ಲೆಕ್ಕ ಹಾಕಿದ್ದರೆ ಈ ಪತ್ರ ಬರೆಯದೇ ಇರುವುದು ನನಗೆ ಒಳ್ಳೆಯದಿತ್ತು.

ಮೊದಲು ಫಲಕದ ಮಾತು. ಕ್ರೀಡಾಂಗಣದ ಒಳಗೆ ಕಾಲಿಡುವಾಗ ಎಡಗಡೆಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಸಿದ್ದೀರಿ: ‘ಬ್ಯಾಡ್ಮಿಂಟನ್ — 1873ರಲ್ಲಿ ಇಂಗ್ಲೆಂಡಿನ ಬೋಫರ್ಟ್ ಡ್ಯೂಕ್ ಕಂಡುಹಿಡಿದ ಕ್ರೀಡೆ.’ ಕಳೆದ ಆಗಸ್ಟ್ 29ರ ರಾಷ್ಟ್ರೀಯ ಕ್ರೀಡಾ ದಿನದಂದು ಇದೇ ಸಭಾಂಗಣದಲ್ಲಿ ಶಾಲಾ ಮಕ್ಕಳಿಗೆ ರಸಪ್ರಶ್ನೆ ನಡೆಯಿತು. ಬ್ಯಾಡ್ಮಿಂಟನ್ ಎಲ್ಲಿ ಹುಟ್ಟಿತು ಎಂಬ ಪ್ರಶ್ನೆಗೆ ಎಂಟನೇ ಕ್ಲಾಸಿನ ಒಬ್ಬ ಹುಡುಗಿ ‘ಹೆಸರು ಇಂಗ್ಲೆಂಡಿನದು, ನಿಯಮ ಬರೆದದ್ದು ಪುಣೆಯಲ್ಲಿ’ ಎಂದು ಬರೆದಳು. ಸೊನ್ನೆ ಕೊಟ್ಟರು. ಅವಳ ಮಾಸ್ತರು ಕೇಳಲು ಹೋದಾಗ ತೀರ್ಪುಗಾರರು ಗೋಡೆಯ ಕಡೆ ಕೈ ತೋರಿಸಿದರಂತೆ. ಸಂಜೆ ಅಂಗಡಿಗೆ ಬಂದವಳು, ‘ಮಾಮಾ, ನಾ ಬರ್ದದ್ದು ತಪ್ಪಾ?’ ಎಂದು ಕೇಳಿದಳು. ತಪ್ಪಲ್ಲ. ಗೋಡೆಗಿಂತ ಅವಳೇ ಹೆಚ್ಚು ಸರಿ. ಯಾಕೆ ಎಂದು ಸಮಿತಿಗೆ ವಿವರಿಸುವುದು ನನ್ನ ಕರ್ತವ್ಯ ಎಂದುಕೊಂಡಿದ್ದೇನೆ. ಸ್ವಲ್ಪ ಉದ್ದವಾದರೆ ಕ್ಷಮೆ ಇರಲಿ.

ಗರಿ ಕಟ್ಟಿದ ಬೆಂಡನ್ನು ನೆಲಕ್ಕೆ ಬೀಳದಂತೆ ಹೊಡೆಯುತ್ತಾ ಇರುವ ಆಟ ಬಹಳ ಹಳೆಯದು, ಅದಕ್ಕೆ ಒಂದು ಊರಿಲ್ಲ. ಚೀನಾದಲ್ಲಿ ಅದನ್ನು ಕಾಲಿನಿಂದ ಚಿಮ್ಮುತ್ತಾರೆ. ಜಪಾನಿನಲ್ಲಿ ಹೊಸ ವರ್ಷದ ದಿನಗಳಲ್ಲಿ ಚಿತ್ರ ಬರೆದ ಮರದ ಹಲಗೆಯಿಂದ ಹೊಡೆಯುವ ರೂಢಿ ಇತ್ತು. ಯುರೋಪಿನಲ್ಲಿ ಅದು ಬ್ಯಾಟಲ್‌ಡೋರ್ ಮತ್ತು ಶಟಲ್‌ಕಾಕ್ ಎಂಬ ಹೆಸರಿನಿಂದ ಮಕ್ಕಳು, ಹೆಂಗಸರು ಹೊತ್ತು ಕಳೆಯುವ ಆಟವಾಗಿತ್ತು. ಈ ಹಳೆಯ ಆಟದಲ್ಲಿ ಬಲೆ ಇಲ್ಲ, ಗೆರೆ ಇಲ್ಲ, ಎದುರಾಳಿಯೂ ಇಲ್ಲ. ಇಬ್ಬರೂ ಒಂದೇ ಪಕ್ಷ. ಕಾಕ್ ಬೀಳಿಸದೆ ಎಷ್ಟು ಏಟು ಹೊಡೆಯುತ್ತೀರಿ ಎನ್ನುವುದೇ ಲೆಕ್ಕ. ಗ್ಲಾಸ್ಟರ್‌ಷೈರಿನ ಬ್ಯಾಡ್ಮಿಂಟನ್ ಹೌಸ್ ಎಂಬ ದೊಡ್ಡ ಮನೆಯಲ್ಲಿ, ಅಂದರೆ ತಮ್ಮ ಫಲಕದ ಡ್ಯೂಕರ ಮನೆಯಲ್ಲೇ, 1830ರ ಒಂದು ಬ್ಯಾಟಿನ ಮೇಲೆ 2,117 ಏಟು ಹೊಡೆದ ದಾಖಲೆ ಬರೆದಿಟ್ಟಿದ್ದಾರೆ. 1873ಕ್ಕೆ ನಾಲ್ಕು ದಶಕ ಮೊದಲೇ ಆ ಮನೆಯವರು ಇದನ್ನು ಆಡುತ್ತಿದ್ದರು ಎಂದಾಯಿತು.

ಇನ್ನೊಂದು ಸಂಗತಿ ನನ್ನ ಕಸುಬಿನವನದೇ ಆದ್ದರಿಂದ ನನಗೆ ತುಂಬ ಇಷ್ಟ. ಲಂಡನ್ನಿನಲ್ಲಿ ಐಸಾಕ್ ಸ್ಪ್ರಾಟ್ ಎಂಬ ಒಬ್ಬ ಆಟಿಕೆ ವ್ಯಾಪಾರಿ ಇದ್ದ. 1860ರಲ್ಲಿ ಅವನು ‘ಬ್ಯಾಡ್ಮಿಂಟನ್ ಬ್ಯಾಟಲ್‌ಡೋರ್’ ಎಂಬ ಹೊಸ ಆಟದ ಬಗ್ಗೆ ಕಿರುಹೊತ್ತಗೆಯೊಂದನ್ನು ಹೊರತಂದ. ಅದರ ಪ್ರತಿ ಈಗ ಯಾರ ಬಳಿಯೂ ಉಳಿದಂತಿಲ್ಲ, ಹೆಸರು ಮಾತ್ರ ಉಳಿದಿದೆ. ಅಂಗಡಿಯವನು ಒಂದು ಹೆಸರಿಟ್ಟು ಸರಕು ಮಾರಲು ಹೊರಟನೆಂದರೆ ಆ ಹೆಸರು ಆಗಲೇ ಜನರ ಬಾಯಲ್ಲಿ ಇತ್ತೆಂದೇ ಅರ್ಥ. ಯಾರೂ ಕೇಳಿರದ ಹೆಸರಿಟ್ಟು ನಾವು ಯಾರೂ ಬಂಡವಾಳ ಹಾಕುವುದಿಲ್ಲ. 1873ರಲ್ಲಿ ಡ್ಯೂಕರ ಮನೆಯ ಒಂದು ಔತಣದ ದಿನ ಮಳೆ ಬಂದು, ಅತಿಥಿಗಳೆಲ್ಲ ಒಳಗೆ ಸೇರಿ, ಹಗ್ಗ ಕಟ್ಟಿ ಆಡಿ, ಆಟ ಹುಟ್ಟಿತು ಎಂಬ ಕಥೆ ಹೇಳಲು ಚೆನ್ನಾಗಿದೆ. ಆದರೆ ಹದಿಮೂರು ವರ್ಷ ಮೊದಲೇ ಹೆಸರು ಅಚ್ಚಾಗಿದ್ದ ಆಟವನ್ನು 1873ರಲ್ಲಿ ಕಂಡುಹಿಡಿಯುವುದು ಹೇಗೆ? ಆ ಮನೆಯಿಂದ ಆಟಕ್ಕೆ ಹೆಸರು ಬಂತು. ಅಷ್ಟನ್ನು ಯಾರೂ ಕಿತ್ತುಕೊಳ್ಳುವಂತಿಲ್ಲ.

ಹಾಗಾದರೆ 1873 ಎಂಬ ಇಸವಿ ಎಲ್ಲಿಂದ ಬಂತು? ಅದೇ ನಮ್ಮ ಹುಡುಗಿಗೆ ಗೊತ್ತಿದ್ದ ವಿಷಯ. ಪುಣೆಯ ದಂಡಿನಲ್ಲಿದ್ದ ಬ್ರಿಟಿಷ್ ಅಧಿಕಾರಿಗಳು ನಡುವೆ ಬಲೆ ಕಟ್ಟಿ, ಎರಡು ಪಕ್ಷ ಮಾಡಿ, ಬಿದ್ದದ್ದಕ್ಕೆ ಅಂಕ ಇಟ್ಟು ಈ ಆಟವನ್ನು ಸ್ಪರ್ಧೆಯಾಗಿ ಆಡುತ್ತಿದ್ದರು. ಆ ದಿನಗಳಲ್ಲಿ ಆಟವನ್ನು ‘ಪೂನಾ’ ಎಂದೇ ಕರೆಯುತ್ತಿದ್ದರು. ಅದರ ನಿಯಮಗಳನ್ನು ಅಲ್ಲಿ ಬರೆದಿಟ್ಟ ವರ್ಷವೆಂದು ಆಟದ ಚರಿತ್ರೆಗಳು ಕೊಡುವುದು 1873ನ್ನು. ರಜೆಗೆ, ನಿವೃತ್ತಿಗೆ ಊರಿಗೆ ಮರಳಿದ ಅಧಿಕಾರಿಗಳು ಅದನ್ನು ಇಂಗ್ಲೆಂಡಿಗೆ ಒಯ್ದರು. 1875ರಲ್ಲಿ ಫೋಕ್‌ಸ್ಟೋನ್ ಎಂಬ ಕಡಲತೀರದ ಊರಿನಲ್ಲಿ ಅವರ ಕ್ಲಬ್ ಶುರುವಾಯಿತು. ತಮ್ಮ ಗೋಡೆಯ ಮೇಲಿನ ಇಸವಿ ಪುಣೆಯದು, ಪಕ್ಕದಲ್ಲಿ ಬರೆದ ವಿಳಾಸ ಮಾತ್ರ ಬೇರೆಯವರದು. ಪುಣೆ ಆಗ ನಮಗೆ ಪರರಾಜ್ಯವೂ ಆಗಿರಲಿಲ್ಲ. 1862ರಲ್ಲಿ ನಮ್ಮ ಜಿಲ್ಲೆಯನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರು. 1956ರ ತನಕ ಕಾರವಾರವೂ ಪುಣೆಯೂ ಒಂದೇ ಆಡಳಿತದ ಕೆಳಗೆ ಇದ್ದವು.

ಇದನ್ನು ಓದಿ ಕೆಲವರು ಇನ್ನೊಂದು ತುದಿಗೆ ಹಾರಬಾರದು ಎಂದು ಒಂದು ಮಾತು ಸೇರಿಸುತ್ತೇನೆ. ಬ್ಯಾಡ್ಮಿಂಟನ್ ಪೂರ್ತಿ ನಮ್ಮದು, ಬಿಳಿಯರು ಕದ್ದರು ಎಂಬ ಸಂದೇಶ ದೇಶ ದೇಶಗಳ ಬ್ಯಾಡ್ಮಿಂಟನ್ ತಂಡಗಳು ಸೆಣಸುವ ಥಾಮಸ್ ಕಪ್ ಬಂದಾಗಲೆಲ್ಲ ವಾಟ್ಸಾಪಿನಲ್ಲಿ ಓಡಾಡುತ್ತದೆ. ಅದಕ್ಕೂ ಆಧಾರವಿಲ್ಲ. ಪುಣೆಯಲ್ಲಿ ಆಡಿದವರೂ ನಿಯಮ ಬರೆದವರೂ ಆ ಅಧಿಕಾರಿಗಳೇ. ಅವರು ಚಿಕ್ಕಂದಿನಲ್ಲಿ ತಮ್ಮ ಊರಿನಲ್ಲಿ ಆಡಿದ ಬ್ಯಾಟಲ್‌ಡೋರನ್ನೇ ಇಲ್ಲಿ ಬೆಳೆಸಿದರು. ಯಕ್ಷಗಾನವನ್ನು ಇಂಥ ಇಸವಿಯಲ್ಲಿ ಇಂಥವರು ಕಂಡುಹಿಡಿದರು ಎಂದು ಯಾರಾದರೂ ಗೋಡೆಯ ಮೇಲೆ ಬರೆಸಿದರೆ ನಮ್ಮ ಭಾಗದಲ್ಲಿ ಮೇಳದ ಕೊನೆಯ ಹುಡುಗನೂ ನಗುತ್ತಾನೆ. ಬ್ಯಾಡ್ಮಿಂಟನ್ನಿನ ಹುಟ್ಟೂ ಆ ಜಾತಿಯದೇ.

ಪುಣೆಯ ಅಂಗಳದಿಂದ ಇನ್ನೊಂದು ದಾರಿಯೂ ಇದೆ, ಅದನ್ನು ತಮ್ಮ ಫಲಕ ಪೂರ್ತಿ ಮರೆತಿದೆ. ಬಯಲಿನಲ್ಲಿ ಗಾಳಿ ಎದ್ದಾಗ, ನೆಲ ತೇವವಾದಾಗ ಗರಿಯ ಕಾಕ್ ಕೆಲಸಕ್ಕೆ ಬರುವುದಿಲ್ಲ. ಆಗ ಉಣ್ಣೆಯ ಚೆಂಡು ಹಿಡಿದು ಆಡುತ್ತಿದ್ದರು. ಉಣ್ಣೆಯ ಚೆಂಡಿನ ಆಟವನ್ನು 1856ರ ಹೊತ್ತಿಗೇ ತಂಜಾವೂರಿನ ರಾಜಮನೆತನದವರು ಆಡುತ್ತಿದ್ದರು ಎಂಬುದು ಬಾಲ್ ಬ್ಯಾಡ್ಮಿಂಟನ್ ಬಳಗದಲ್ಲಿ ಹೇಳಿಕೊಂಡು ಬಂದ ಚರಿತ್ರೆ. ಒಂದು ಪಕ್ಷಕ್ಕೆ ಐದು ಜನ, 24 ಮೀಟರ್ ಉದ್ದ 12 ಮೀಟರ್ ಅಗಲದ ಅಂಗಳ, 30 ಗ್ರಾಂ ಮೀರದ ಹಳದಿ ಉಣ್ಣೆಯ ಚೆಂಡು. ಕಟ್ಟಡ ಬೇಡ, ಮರದ ನೆಲ ಬೇಡ, ಬೂಟೂ ಬೇಡ. ಕರ್ನಾಟಕದ ಹೈಸ್ಕೂಲುಗಳ ಮೈದಾನದಲ್ಲಿ ‘ಬ್ಯಾಡ್ಮಿಂಟನ್’ ಎಂದರೆ ಬಹಳ ವರ್ಷ ಇದೇ ಆಗಿತ್ತು, ಇನ್ನೊಂದನ್ನು ಶಟಲ್ ಎಂದು ಬೇರೆಯಾಗಿ ಕರೆಯುತ್ತಿದ್ದೆವು. ನಮ್ಮ ಕ್ರೀಡಾಂಗಣದ ಹಿಂಭಾಗದಲ್ಲಿ ಈ ಆಟದ ಕಂಬಗಳು ಇದ್ದವು. ಒಳಾಂಗಣ ಉದ್ಘಾಟನೆಯಾದ ಮೇಲೆ ಕಂಬ ಕಿತ್ತು ಅಲ್ಲಿ ಕಾರು ನಿಲ್ಲಿಸಲು ಇಂಟರ್‌ಲಾಕ್ ಹಾಕಿಸಿದಿರಿ. ಆ ಕಂಬಗಳು ಈಗ ಜನರೇಟರ್ ಕೋಣೆಯ ಗೋಡೆಗೆ ಒರಗಿಕೊಂಡಿವೆ. ತುಕ್ಕು ಹೆಚ್ಚಾಗಿಲ್ಲ, ನೋಡಿ ಬಂದಿದ್ದೇನೆ.

ಫಲಕದ ಒಂದು ಸಾಲಿಗೆ ಇಷ್ಟು ಮಾತೇ ಎಂದು ತಾವು ಕೇಳಬಹುದು. ಸಾಲು ಸಾಲಾಗಿಯೇ ಇದ್ದಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಜೂನ್ ಕೊನೆಯ ಒಂದು ಸಂಜೆ ಬಂದರಿನ ಕಡೆಯ ನಾಲ್ಕಾರು ಹುಡುಗರು ಕೋರ್ಟು ಖಾಲಿ ಇದೆಯೆಂದು ಒಳಗೆ ಬಂದರು. ನಾನು ಒಬ್ಬರ ರ‍್ಯಾಕೆಟ್ ತಲುಪಿಸಲು ಅಲ್ಲಿಗೆ ಹೋಗಿದ್ದೆ. ಸದಸ್ಯರೊಬ್ಬರು ಅವರನ್ನು ತಡೆದು, ‘ಇದು ಸಾಹೇಬರ ಆಟ ಮಾರಾಯ್ರೆ, ನಿಮಗೆ ಕಬಡ್ಡಿ ಇದೆಯಲ್ಲ’ ಎಂದು ನಗುತ್ತಾ ಹೇಳಿದರು. ಕೆಟ್ಟ ಮನಸ್ಸಿನ ಮನುಷ್ಯರಲ್ಲ, ತಮಾಷೆಯಾಗಿಯೇ ಹೇಳಿದ್ದು. ಆದರೆ ಅವರು ಹೇಳಿದ್ದು ಗೋಡೆಯ ಮೇಲೆ ತಾವು ಬರೆಸಿದ್ದನ್ನೇ. ಡ್ಯೂಕರು ಕಂಡುಹಿಡಿದ ಆಟ, ಆದ್ದರಿಂದ ಅಂಥವರಿಗೆ ಸಲ್ಲತಕ್ಕದ್ದು. ತಮ್ಮ ವೇಳಾಪಟ್ಟಿ ನಡೆಯುವುದೂ ಇದೇ ತಿಳುವಳಿಕೆಯ ಮೇಲೆ: ಬೆಳಿಗ್ಗೆ ಮತ್ತು ಸಂಜೆ ಸದಸ್ಯರಿಗೆ, ಶಾಲಾ ಮಕ್ಕಳಿಗೆ ಮಧ್ಯಾಹ್ನ ಎರಡರಿಂದ ನಾಲ್ಕು. ಆ ಹೊತ್ತಿನಲ್ಲಿ ಶಾಲಾ ಮಕ್ಕಳು ಶಾಲೆಯಲ್ಲಿ ಇರುತ್ತಾರೆ ಎಂಬುದನ್ನು ಸಮಿತಿಯ ಗಮನಕ್ಕೆ ತರುತ್ತೇನೆ.

ನಮ್ಮ ಕಡೆಯವರು ಶಟಲ್ ಆಡಲು ಯಾವತ್ತೂ ಕಟ್ಟಡಕ್ಕಾಗಿ ಕಾದವರಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿ, ಸಿರ್ಸಿ–ಸಿದ್ದಾಪುರದ ಕಡೆ ಅಡಿಕೆ ಒಣಗಿಸುವ ಅಂಗಳದಲ್ಲಿ, ಕಡಲ ಬದಿಯಲ್ಲಿ ಗಾಳಿಮರದ ಸಾಲಿನ ಮರೆಯಲ್ಲಿ ಸುಣ್ಣದ ಗೆರೆ ಎಳೆದು ಆಡಿದವರು. ಕಂಬಕ್ಕೆ ಅಡಿಕೆ ಮರ, ನೆಟ್ಟಿಗೆ ಹಳೆಯ ಮೀನಿನ ಬಲೆ. ಡಿಸೆಂಬರಿನಿಂದ ಫೆಬ್ರವರಿಯ ತನಕ ಊರೂರಲ್ಲಿ ‘ಹೊನಲು ಬೆಳಕಿನ ಶಟಲ್ ಬ್ಯಾಡ್ಮಿಂಟನ್ ಪಂದ್ಯಾವಳಿ’ಯ ಬ್ಯಾನರು ಕಾಣುತ್ತದೆ. ಪ್ರಥಮ ಬಹುಮಾನದ ಜೊತೆ ಊರ ಗಣ್ಯರ ಪಟ್ಟಿ ಆಟಗಾರರ ಪಟ್ಟಿಗಿಂತ ಉದ್ದವಾಗಿರುತ್ತದೆ ಎನ್ನುವುದು ಬೇರೆ ಮಾತು. ರಾತ್ರಿ ಹತ್ತರ ಮೇಲೆಯೇ ನಿಜವಾದ ಪಂದ್ಯ ಶುರುವಾಗುತ್ತದೆ, ಯಾಕೆಂದರೆ ಕಡಲ ಗಾಳಿ ಇಳಿಯುವುದು ಆಗ.

ಗಾಳಿಯ ಮಾತು ಬಂತು, ಅದೇ ಈ ಪತ್ರದ ಮುಖ್ಯ ಸಂಗತಿ. ನಿಯಮದ ಪ್ರಕಾರ ಒಂದು ಕಾಕಿಗೆ 16 ಗರಿ, ತೂಕ 4.74ರಿಂದ 5.50 ಗ್ರಾಂ. ಬೆಂಡಿನ ಬುರುಡೆ ಮುಂದೆ, ಗರಿಯ ಬುಟ್ಟಿ ಹಿಂದೆ. ಹೊಡೆದ ಕ್ಷಣದಲ್ಲಿ ಈ ಪುಟ್ಟ ವಸ್ತು ಪಡೆಯುವ ವೇಗ ನಂಬಲು ಕಷ್ಟ: 2023ರಲ್ಲಿ ನಮ್ಮ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ ಜಪಾನಿನಲ್ಲಿ ಅಳೆಯುವ ಯಂತ್ರದ ಎದುರು ಹೊಡೆದ ಸ್ಮ್ಯಾಶ್ ಗಂಟೆಗೆ 565 ಕಿಲೋಮೀಟರ್ ಎಂದು ಗಿನ್ನೆಸ್ ದಾಖಲೆಗೆ ಸೇರಿತು. ಅವನೂ ಗೋದಾವರಿ ಕಡಲು ಸೇರುವ ಸೀಮೆಯ ಅಮಲಾಪುರದ ಹುಡುಗ. ಅಷ್ಟು ವೇಗದಲ್ಲಿ ಹೊರಟದ್ದು ಕೋರ್ಟಿನ ಆ ತುದಿ ಮುಟ್ಟುವಷ್ಟರಲ್ಲಿ ಸೊರಗಿ ಬೀಳುತ್ತದೆ. ಗರಿಯ ಬುಟ್ಟಿ ಗಾಳಿಯನ್ನು ಹಿಡಿದು ಅದನ್ನು ತಡೆಯುತ್ತದೆ. ಆಟದ ಸೊಗಸೆಲ್ಲ ಆ ತಡೆಯಲ್ಲೇ ಇದೆ, ಆಟದ ಕಷ್ಟವೂ ಅದರಲ್ಲೇ. ಗಾಳಿಯನ್ನು ಅಷ್ಟು ಹಿಡಿಯುವ ವಸ್ತುವನ್ನು ಗಾಳಿ ತಾನೂ ಹಿಡಿದು ಎಳೆಯುತ್ತದೆ. ಬಯಲಿನಲ್ಲಿ ಹುಟ್ಟಿ ಬೆಳೆದ ಈ ಆಟ ನಿಧಾನವಾಗಿ ಗೋಡೆಗಳ ಒಳಗೆ ಸೇರಿದ್ದು ಈ ಕಾರಣಕ್ಕೆ. ಒಳಾಂಗಣ ಎಂಬುದು ಬ್ಯಾಡ್ಮಿಂಟನ್ನಿಗೆ ಅಂತಸ್ತಿನ ಗುರುತಾಗಿ ಬಂದದ್ದಲ್ಲ, 5 ಗ್ರಾಮಿನ ಕಾಕನ್ನು ಗಾಳಿಯಿಂದ ಕಾಪಾಡಲು ಬಂದದ್ದು.

ಕರಾವಳಿಯಲ್ಲಿ ಗಾಳಿಯ ಜೊತೆ ಮಳೆಯೂ ಸೇರುತ್ತದೆ. ಜೂನ್ ಮೊದಲ ವಾರದಿಂದ ಸೆಪ್ಟೆಂಬರ್ ತನಕ ಇಲ್ಲಿ ಮೈದಾನ ಎನ್ನುವುದು ಇರುವುದಿಲ್ಲ, ಕೆಸರು ಮಾತ್ರ ಇರುತ್ತದೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ದಡಕ್ಕೆ. ಬೋಟಿನಲ್ಲಿ ದುಡಿಯುವ ಹುಡುಗರು ಮನೆಯಲ್ಲಿ. ಬಲೆ ನೇಯುವ ಕೆಲಸ ಮುಗಿದ ಮೇಲೆ ಅವರಿಗೆ ಸಂಜೆ ಮಾಡಲು ಏನೂ ಇರುವುದಿಲ್ಲ. ಆ ‘ಏನೂ ಇಲ್ಲದ’ ಹೊತ್ತನ್ನು ತುಂಬಲು ಊರಿನಲ್ಲಿ ಏನೇನು ಸಿಗುತ್ತದೆ ಎಂದು ಸಮಿತಿಯವರಿಗೆ ನಾನು ಹೇಳಬೇಕಾಗಿಲ್ಲ. ವರ್ಷದಲ್ಲಿ ಒಳಾಂಗಣ ಕೋರ್ಟು ಅತ್ಯಂತ ಬೇಕಾಗುವ ತಿಂಗಳುಗಳು ಇವು. ಇದೇ ತಿಂಗಳುಗಳಲ್ಲಿ ‘ಮಳೆನೀರು ತುಳಿದುಕೊಂಡು ಬರುತ್ತಾರೆ, ನೆಲ ಹಾಳಾಗುತ್ತದೆ’ ಎಂಬ ಕಾರಣಕ್ಕೆ ಸದಸ್ಯರಲ್ಲದವರಿಗೆ ಬಾಗಿಲು ಮುಚ್ಚುತ್ತೀರಿ. ಉಳಿದ ದಿನಗಳಲ್ಲಿ ನಿಶ್ಚಿತಾರ್ಥ, ಸೀಮಂತ, ಬೀಳ್ಕೊಡುಗೆ ಸಮಾರಂಭ. ಮಳೆಯಲ್ಲಿ ಶಾಮಿಯಾನ ಹಾಕಲು ಆಗುವುದಿಲ್ಲ ಎಂದು ಜನ ಸಭಾಂಗಣ ಕೇಳುತ್ತಾರೆ, ತಾವು ಕೊಡುತ್ತೀರಿ. ಸಾವಿರ ಕುರ್ಚಿಯ ಕಾಲುಗಳು, ಸಾಂಬಾರಿನ ಬಕೆಟ್ಟುಗಳು ಹಾಳು ಮಾಡದ ಮರದ ನೆಲವನ್ನು ಮಕ್ಕಳ ಒದ್ದೆ ಕಾಲು ಹಾಳು ಮಾಡುತ್ತದೆ ಎಂಬ ವಾದ ನನಗೆ ಅರ್ಥವಾಗಲಿಲ್ಲ.

ಬೂಟಿನ ನಿಯಮದ ಬಗ್ಗೆ ನನಗೆ ತಕರಾರಿಲ್ಲ. ಕಲೆ ಮಾಡದ ಅಡಿಯ ಬೂಟು ಇರಲೇಬೇಕು, ಅದು ನೆಲಕ್ಕೂ ಒಳ್ಳೆಯದು, ಮಂಡಿಗೂ ಒಳ್ಳೆಯದು. ಇಲ್ಲದವರನ್ನು ವಾಪಸು ಕಳಿಸುವ ಬದಲು ಹತ್ತಿಪ್ಪತ್ತು ಜೊತೆ ಕ್ರೀಡಾಂಗಣದಲ್ಲೇ ಇಟ್ಟರಾಯಿತು. ಬೇರೆ ಬೇರೆ ಅಳತೆಯಲ್ಲಿ, ನನ್ನ ಖರೀದಿ ದರಕ್ಕೇ ತರಿಸಿಕೊಡುತ್ತೇನೆ.

ಸಮಾರಂಭಗಳ ಬಾಡಿಗೆಯಿಂದಲೇ ಕರೆಂಟು ಬಿಲ್ಲು ಕಟ್ಟುತ್ತೇವೆ ಎಂದು ಕಾರ್ಯದರ್ಶಿಗಳು ಒಮ್ಮೆ ನನಗೆ ಹೇಳಿದ್ದರು. ಅವರ ಕಷ್ಟ ನನಗೆ ತಿಳಿಯುತ್ತದೆ. ಆದರೆ ಮದುವೆ ಮಂಟಪದಲ್ಲೂ ಬ್ಯಾಡ್ಮಿಂಟನ್ ಬೆಳೆಯುತ್ತದೆ ಎಂಬುದಕ್ಕೆ ಈ ನಾಡಿನಲ್ಲೇ ದೊಡ್ಡ ಸಾಕ್ಷಿ ಇದೆ. ಬೆಂಗಳೂರು ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣ ನಮ್ಮ ಕರಾವಳಿಯ ಕಡೆಯಿಂದ ಹೋಗಿ ನೆಲೆಸಿದ ಕೊಂಕಣಿಗರು ಕಟ್ಟಿಕೊಂಡದ್ದು. ಅದು ಮದುವೆಯ ಹಾಲ್, ಅದರ ನೆಲದ ಮೇಲೆ ಒಂದು ಕೋರ್ಟಿನ ಗೆರೆ. ಕುಂದಾಪುರದ ಹತ್ತಿರದ ಪಡುಕೋಣೆಯ ಮನೆತನದ ಹುಡುಗ ಪ್ರಕಾಶ್ ಪಡುಕೋಣೆ ಶಟಲ್ ಕಲಿತದ್ದು ಅಲ್ಲಿ. ಮದುವೆ ಇದ್ದ ದಿನ ಆಟ ಇಲ್ಲ, ಮದುವೆ ಇಲ್ಲದ ದಿನ ಆಟ. ಆ ಹುಡುಗ 1980ರ ಮಾರ್ಚಿನಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಇಂಡೊನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು 15-3, 15-10ರಿಂದ ಸೋಲಿಸಿ ಆಲ್ ಇಂಗ್ಲೆಂಡ್ ಪಂದ್ಯಾವಳಿ ಗೆದ್ದ ಮೊದಲ ಭಾರತೀಯನಾದ. ಅಲ್ಲಿಯವರಿಗೂ ಬಾಡಿಗೆ ಬೇಕಿತ್ತು. ಆದರೆ ಬಾಡಿಗೆ ಇಲ್ಲದ ದಿನ ಮಕ್ಕಳನ್ನು ಹೊರಗೆ ನಿಲ್ಲಿಸಲಿಲ್ಲ, ಅಷ್ಟೇ ವ್ಯತ್ಯಾಸ. ನಮ್ಮದು ಮದುವೆ ಹಾಲ್ ಕೂಡ ಅಲ್ಲ. ಸರ್ಕಾರದ ದುಡ್ಡಿನಲ್ಲಿ ಆಟಕ್ಕೆಂದೇ ಕಟ್ಟಿದ್ದು.

ಈ ಆಟದ ಚರಿತ್ರೆಯಲ್ಲಿ ಬಾಗಿಲ ಹೊರಗೆ ನಿಂತವರು ನಾವು ಮೊದಲೇನೂ ಅಲ್ಲ. 1893ರಲ್ಲಿ ಇಂಗ್ಲೆಂಡಿನಲ್ಲಿ ಬ್ಯಾಡ್ಮಿಂಟನ್ ಸಂಘ ಕಟ್ಟಿ ನಿಯಮಗಳನ್ನು ಒಟ್ಟು ಮಾಡಿದರು. 1899ರಲ್ಲಿ ಆಲ್ ಇಂಗ್ಲೆಂಡ್ ಪಂದ್ಯಾವಳಿ ಶುರುವಾಯಿತು. 1934ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿದಾಗ ಸ್ಥಾಪಕ ಸದಸ್ಯರು ಒಂಬತ್ತು: ಇಂಗ್ಲೆಂಡ್, ಐರ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಡೆನ್ಮಾರ್ಕ್, ನೆದರ್ಲೆಂಡ್ಸ್, ಫ್ರಾನ್ಸ್, ಕೆನಡಾ, ನ್ಯೂಜಿಲೆಂಡ್. ಯಾವ ನೆಲದಲ್ಲಿ ನಿಯಮ ಬರೆದರೋ ಆ ನೆಲದ ಹೆಸರು ಪಟ್ಟಿಯಲ್ಲಿಲ್ಲ. ಭಾರತ ಸೇರಿದ್ದು 1936ರಲ್ಲಿ. ಒಲಿಂಪಿಕ್ಸಿನಲ್ಲಿ ಈ ಆಟಕ್ಕೆ ಪದಕ ಸಿಕ್ಕಿದ್ದಂತೂ 1992ರ ಬಾರ್ಸಿಲೋನಾದಲ್ಲಿ. 2022ರಲ್ಲಿ ಬ್ಯಾಂಕಾಕಿನಲ್ಲಿ ಇಂಡೊನೇಷ್ಯಾವನ್ನು 3-0ರಿಂದ ಸೋಲಿಸಿ ಭಾರತ ಥಾಮಸ್ ಕಪ್ ಗೆದ್ದ ದಿನ ನನ್ನ ಅಂಗಡಿಯ ಸಣ್ಣ ಟಿವಿಯ ಮುಂದೆ ನಿಂತವರಲ್ಲಿ ಅರ್ಧಕ್ಕರ್ಧ ಮಂದಿ ತಮ್ಮ ಕ್ರೀಡಾಂಗಣದ ಒಳಗನ್ನು ಇನ್ನೂ ನೋಡದವರು.

ಆದ್ದರಿಂದ ಮಾನ್ಯರೇ, ನನ್ನ ಕೋರಿಕೆಗಳು. ಫಲಕವನ್ನು ತಿದ್ದಿಸಿ. ಏನು ಬರೆಸಬೇಕೆಂದು ಹುಡುಕುವ ಶ್ರಮ ತಮಗೆ ಬೇಡ, ಇಷ್ಟು ಸಾಕು: ‘ಗರಿಯ ಕಾಕನ್ನು ಹೊಡೆದಾಡುವ ಹಳೆಯ ಆಟ ಅನೇಕ ದೇಶಗಳಲ್ಲಿ ಇತ್ತು. ಇಂಗ್ಲೆಂಡಿನ ಬ್ಯಾಡ್ಮಿಂಟನ್ ಹೌಸ್ ಎಂಬ ಮನೆಯಿಂದ ಇದಕ್ಕೆ ಹೆಸರು ಬಂತು. ಪುಣೆಯಲ್ಲಿ 1873ರಲ್ಲಿ ನಿಯಮಗಳನ್ನು ಬರೆದರು. ಇದರ ಒಡನಾಡಿ ಆಟ ಬಾಲ್ ಬ್ಯಾಡ್ಮಿಂಟನ್ ತಂಜಾವೂರಿನಲ್ಲಿ ಬೆಳೆಯಿತು.’ ಪೇಂಟರಿನ ಕೂಲಿ, ಬಣ್ಣ ನನ್ನ ಖರ್ಚು. ಕೆಳಗೆ ನನ್ನ ಅಂಗಡಿಯ ಹೆಸರು ಹಾಕಿಸಿ ಎಂದು ಕೇಳುವುದಿಲ್ಲ. ರಸಪ್ರಶ್ನೆಯಲ್ಲಿ ಸೊನ್ನೆ ಪಡೆದ ಹುಡುಗಿಗೆ, ಅವಳ ಉತ್ತರ ಸರಿಯಾಗಿತ್ತು ಎಂದು ಸಮಿತಿಯ ಲೆಟರ್‌ಹೆಡ್ಡಿನಲ್ಲಿ ಒಂದು ಸಾಲು ಬರೆದು ಅವಳ ಶಾಲೆಗೆ ಕಳುಹಿಸಿ. ಬಹುಮಾನ ಬೇಡ.

ಜೂನ್ 1ರಿಂದ ಸೆಪ್ಟೆಂಬರ್ ಕೊನೆಯ ತನಕ ಪ್ರತಿ ದಿನ ಸಂಜೆ ಐದರಿಂದ ಏಳು ಒಂದು ಕೋರ್ಟನ್ನು ಶಾಲಾ ಮಕ್ಕಳಿಗೆ, ಬೋಟು ನಿಂತ ಎರಡು ತಿಂಗಳು ಏಳರಿಂದ ಎಂಟೂವರೆ ಬಂದರಿನ ಹುಡುಗರಿಗೆ ಬಿಡಿ. ಸದಸ್ಯರಿಗೆ ಇನ್ನೊಂದು ಕೋರ್ಟು ಉಳಿಯುತ್ತದೆ. ಬಾಗಿಲಲ್ಲಿ ಗೋಣಿತಾಟು, ಕೊಡೆ ಇಡಲು ಒಂದು ಡ್ರಮ್ಮು, ನೆಲ ಒರೆಸಲು ಒಬ್ಬರು ಇದ್ದರೆ ಮಳೆನೀರಿನ ಸಮಸ್ಯೆ ಮುಗಿಯಿತು. ಆಡಿಸಲು, ಲೆಕ್ಕ ಇಡಲು, ಕೊನೆಯಲ್ಲಿ ದೀಪ ಆರಿಸಿ ಬೀಗದ ಕೈ ವಾಚ್‌ಮನ್ನಿಗೆ ಒಪ್ಪಿಸಲು ನಾನೂ, ನಿವೃತ್ತ ದೈಹಿಕ ಶಿಕ್ಷಕರಿಬ್ಬರೂ ಸಿದ್ಧರಿದ್ದೇವೆ. ಒಪ್ಪಿಗೆ ಪತ್ರ ಅರ್ಜಿಯ ಜೊತೆಗೇ ಇದೆ. ಸಮಾರಂಭಗಳ ಬುಕಿಂಗ್ ಪುಸ್ತಕದ ಒಂದು ಪ್ರತಿಯನ್ನು ತಿಂಗಳ ಮೊದಲೇ ನೋಟಿಸ್ ಬೋರ್ಡಿಗೆ ಹಾಕಿದರೆ ಮಕ್ಕಳು ಮಳೆಯಲ್ಲಿ ಬಂದು ಮದುಮಕ್ಕಳ ಫ್ಲೆಕ್ಸ್ ನೋಡಿ ವಾಪಸಾಗುವುದು ತಪ್ಪುತ್ತದೆ.

ಹಿಂಭಾಗದ ಕಂಬಗಳ ವಿಷಯ. ಕಾರು ನಿಲ್ಲಿಸಲು ರಸ್ತೆಯ ಆಚೆ ಜಾಗ ಇದೆ. ಇಂಟರ್‌ಲಾಕ್ ಪೂರ್ತಿ ಕಿತ್ತರೆ ಖರ್ಚು ಎಂದಾದರೆ ಕಾಂಪೌಂಡಿನ ಪೂರ್ವದ ಅಂಚಿನಲ್ಲಿ ಮಣ್ಣಿನ ನೆಲ ಇನ್ನೂ ಉಳಿದಿದೆ. ಟೇಪು ಹಿಡಿದು ಅಳೆದಿದ್ದೇನೆ, ಬಾಲ್ ಬ್ಯಾಡ್ಮಿಂಟನ್ ಅಂಗಳ ಕೂರುತ್ತದೆ. ದೀಪಾವಳಿಯ ಹೊತ್ತಿಗೆ ಮಳೆ ನಿಂತ ಕೂಡಲೇ ಕಂಬ ನೆಡಬಹುದು. ಹುಡುಗರು ಕೈಜೋಡಿಸುತ್ತಾರೆ.

ಈ ಪತ್ರವನ್ನು ಸಮಿತಿಯ ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಸೇರಿಸಬೇಕೆಂದೂ, ನಿರ್ಣಯ ಏನೇ ಆದರೂ ಬರವಣಿಗೆಯಲ್ಲಿ ತಿಳಿಸಬೇಕೆಂದೂ ಕೋರುತ್ತೇನೆ. ಆಗದು ಎಂದಾದರೆ ಯಾಕೆ ಆಗದು ಎಂದು ಬರೆಯಿರಿ. ಸಭೆಗೆ ಕರೆದರೆ ಬರುತ್ತೇನೆ. ಭಾನುವಾರ ಬಿಟ್ಟು ಉಳಿದ ದಿನ ಬೆಳಿಗ್ಗೆ ಒಂಬತ್ತೂವರೆಯಿಂದ ಅಂಗಡಿಯಲ್ಲೇ ಇರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಬಸ್ ನಿಲ್ದಾಣದ ಹಿಂದಿನ ಓಣಿಯ ಗಟ್ಟಿಂಗ್ ಅಂಗಡಿಯವ